ಕೂಸಿನ ನಿದ್ದೆಯಲ್ಲಿ ಮನೆಯವರ ಪಾಲು

ಬಾಣಂತಿಯ ಮನೆಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ‘ಮಗು ಯಾರ ಹಾಗಿದೆ?’ ಎಂಬುದು ಮೊದಲನೆಯದು. ‘ರಾತ್ರಿ ನಿದ್ದೆ ಮಾಡುತ್ತದೆಯೇ?’ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಪೈಪೋಟಿಯಿಂದ ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದವಳು ಬಾಣಂತಿ ಒಬ್ಬಳೇ. ಅವಳು ಸುಮ್ಮನೆ ನಕ್ಕರೆ, ನಿದ್ದೆ ಇಲ್ಲವೆಂದೇ ತಿಳಿಯಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಂದೆತಾಯಿಯರು. ಮೊದಲ ತಂಡದವರಂತೂ ಅಜ್ಜ ಅಜ್ಜಿಯರೇ ಆಗಿದ್ದಾರೆ. ಕುಶಲನಗರದಿಂದಲೋ ಬೆಂಗಳೂರಿನಿಂದಲೋ ಫೋನು ಮಾಡಿದಾಗ ಯೋಗಕ್ಷೇಮದ ಮಾತು ಮುಗಿದ ಮೇಲೆ ಮೆಲ್ಲನೆ ಈ ವಿಷಯಕ್ಕೆ ಬರುತ್ತಾರೆ. ‘ಟೀಚರ್, ಇದು ರಾತ್ರಿ ಐದು ಸಲ ಏಳುತ್ತದೆ. ಅತ್ತೂ ಅತ್ತೂ ಮನೆಯನ್ನೇ ಎಬ್ಬಿಸುತ್ತದೆ. ಏನು ಮಾಡುವುದು?’ ನಾನು ವೈದ್ಯೆಯಲ್ಲ. ಎರಡು ಮಕ್ಕಳನ್ನೂ ಮೂವರು ಮೊಮ್ಮಕ್ಕಳನ್ನೂ ತೂಗಿದವಳು, ಅಷ್ಟೇ. ನಿವೃತ್ತಿಯಾದ ಮೇಲೆ ಓದಲು ದೊರೆತ ಬಿಡುವಿನಲ್ಲಿ ಮಕ್ಕಳ ವೈದ್ಯರು ಬರೆದುದನ್ನೂ ನಮ್ಮ ಅಜ್ಜಿ ಮಾಡುತ್ತಿದ್ದುದನ್ನೂ ಜೊತೆಗಿಟ್ಟು ನೋಡುವ ಹವ್ಯಾಸ ಬೆಳೆಯಿತು. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಡುವುದು ಲೇಸೆನಿಸಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ಮೊದಲಿಗೆ ಕೂಸಿನ ನಿದ್ದೆ ನಮ್ಮ ನಿದ್ದೆಯಂತಲ್ಲ ಎಂಬುದನ್ನು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳವರೆಗಿನ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ, ಒಂದೆರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಈ ಲೆಕ್ಕದಲ್ಲಿಯೇ ಸೇರಿದೆ. ‘ಇಷ್ಟೊಂದು ಗಂಟೆಯೇ? ಹಾಗಾದರೆ ನಮಗೇಕೆ ನಿದ್ದೆ ಇಲ್ಲ?’ ಎಂದು ತಾಯಂದಿರು ಕೇಳುವುದು ನ್ಯಾಯವೇ. ಹಸುಗೂಸು ಆ ನಿದ್ದೆಯನ್ನು ಚೂರುಚೂರಾಗಿ ಮಾಡುತ್ತದೆ. ಅದರ ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಸಿಯುತ್ತದೆ. ಹಗಲು ರಾತ್ರಿಗಳ ಅರಿವೂ ಅದಕ್ಕಿಲ್ಲ. ದೇಹದೊಳಗಿನ ಗಡಿಯಾರ ಹುಟ್ಟಿದ ಮೇಲೆ ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಕೂಡಿಬರುತ್ತದೆ. ಆದ್ದರಿಂದ ಒಂದು ತಿಂಗಳ ಕೂಸು ರಾತ್ರಿ ಏಳುವುದು ರೋಗವೂ ಅಲ್ಲ, ಹಠವೂ ಅಲ್ಲ, ತಾಯಿಯ ಅಸಡ್ಡೆಯ ಫಲವೂ ಅಲ್ಲ.

ಇನ್ನೊಂದು ಸಂಗತಿಯುಂಟು. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧದಷ್ಟು ಚಂಚಲವಾದ ನಿದ್ದೆ. ಆ ಹೊತ್ತಿನಲ್ಲಿ ಕೂಸು ಮುಖ ಹಿಂಡುತ್ತದೆ, ಕೈಕಾಲು ಝಾಡಿಸುತ್ತದೆ, ನರಳುತ್ತದೆ, ಒಮ್ಮೊಮ್ಮೆ ನಗುತ್ತದೆ. ದೇವರು ಬಂದು ನಗಿಸುತ್ತಾನೆಂದು ಹಿರಿಯರು ಹೇಳುತ್ತಿದ್ದರು. ಎಚ್ಚರವಾಯಿತೆಂದು ಭಾವಿಸಿ ಅದನ್ನು ತಟ್ಟನೆ ಎತ್ತಿಕೊಂಡರೆ ಆಗ ನಿಜವಾಗಿಯೂ ಎಚ್ಚರವಾಗುತ್ತದೆ. ‘ದೇವರ ಆಟದ ನಡುವೆ ಕೈಹಾಕಬೇಡಿ’ ಎಂದು ನನ್ನ ಅಜ್ಜಿ ಗದರುತ್ತಿದ್ದರು. ಇಂದಿನ ವೈದ್ಯರು ಹೇಳುವುದೂ ಅದನ್ನೇ: ಸ್ವಲ್ಪ ಹೊತ್ತು ಕಾದು ನೋಡಿ. ಅದು ತಾನಾಗಿ ಮತ್ತೆ ಮಲಗಿದರೆ ಸರಿ, ಅತ್ತರೆ ಎತ್ತಿಕೊಳ್ಳಿ.

ಗಡಿಯಾರ ಕೂಡಿಬರಲು ನಾವು ನೆರವಾಗಬಹುದು. ಹಗಲಿನಲ್ಲಿ ಕೂಸನ್ನು ಕತ್ತಲ ಕೋಣೆಯಲ್ಲಿ ಬಚ್ಚಿಡದೆ ಬೆಳಕಿರುವಲ್ಲಿ, ಮನೆಯ ಮಾತುಕತೆಯ ನಡುವೆ ಮಲಗಿಸಬೇಕು. ಸಂಜೆಯಾದ ಮೇಲೆ ದೀಪ, ಸದ್ದು, ಆಟ ಎಲ್ಲವನ್ನೂ ತಗ್ಗಿಸುತ್ತ ಬರಬೇಕು. ರಾತ್ರಿ ಹಾಲೂಡುವಾಗ ದೊಡ್ಡ ದೀಪ ಹಾಕಬಾರದು, ಕೂಸಿನೊಡನೆ ಲಲ್ಲೆ ಮಾತಿಗೆ ತೊಡಗಬಾರದು. ನಮ್ಮ ಬಾಲ್ಯದಲ್ಲಿ ತೋಟದ ನಡುವಿನ ಮನೆಗಳಿಗೆ ವಿದ್ಯುತ್ತು ಬಂದಿರಲಿಲ್ಲ. ಲಾಟೀನಿನ ಬತ್ತಿ ಇಳಿಸಿದರೆ ರಾತ್ರಿ ರಾತ್ರಿಯೇ. ಕಕ್ಕಡದ ತಿಂಗಳಲ್ಲಿ ಹೆಂಚಿನ ಮೇಲೆ ಎಡೆಬಿಡದೆ ಸುರಿಯುವ ಮಳೆಯ ಏಕನಾದಕ್ಕೆ ದೊಡ್ಡವರಿಗೇ ಕಣ್ಣು ಎಳೆಯುತ್ತಿತ್ತು, ಕೂಸುಗಳ ಮಾತೇನು! ಈಗ ಬೆಂಗಳೂರಿನ ಮನೆಗಳಲ್ಲಿ ಮಳೆಯ ಸದ್ದನ್ನು ಯಂತ್ರದಿಂದ ಕೇಳಿಸಿ ಮಗುವನ್ನು ಮಲಗಿಸುತ್ತಾರೆ. ಇಲ್ಲಿ ಧರ್ಮಕ್ಕೆ ಸಿಗುವ ಮಳೆಯನ್ನು ಅಲ್ಲಿ ದುಡ್ಡು ಕೊಟ್ಟು ಕೊಳ್ಳುವುದನ್ನು ಕಂಡು ನಗು ಬಂದರೂ ಅದರಲ್ಲಿ ತಪ್ಪೇನಿಲ್ಲ. ಯಂತ್ರವನ್ನು ತೊಟ್ಟಿಲಿನಿಂದ ದೂರವಿಟ್ಟು ಸದ್ದನ್ನು ತಗ್ಗಿಸಿರಬೇಕು, ಅಷ್ಟೇ.

ಕೊಡಗಿನಲ್ಲಿ ಕೂಸಿನ ಮೊದಲ ಅನುಭವ ಸದ್ದೇ ಎಂದರೆ ಅತಿಶಯವಲ್ಲ. ಮಡಿಕೇರಿಯ ಸರಕಾರಿ ಸೆಂಟ್ರಲ್ ಶಾಲೆಯ ಪ್ರಿನ್ಸಿಪಾಲರಾಗಿದ್ದ ಪಾದ್ರಿ ಜಿ. ರಿಕ್ಟರ್ ಅವರು 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದೊಡನೆ ಅಂಗಳದಲ್ಲಿ ಕೋವಿಯ ಗುಂಡು ಹಾರಿಸುವುದನ್ನೂ, ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗಿಡುವುದನ್ನೂ ವರ್ಣಿಸಿದ್ದಾರೆ. ಹನ್ನೆರಡನೆಯ ದಿನ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಕೋವಿಯ ಸದ್ದಿನಿಂದ ಬರಮಾಡಿಕೊಂಡ ವೀರನನ್ನು ಮಲಗಿಸಲು ಮಾತ್ರ ಅಜ್ಜಿಯ ಮೆಲುದನಿಯೇ ಬೇಕು. ನಿದ್ದೆ ಅಪ್ಪಣೆಗೆ ಬರುವುದಲ್ಲ. ಅದು ಬರುವ ದಾರಿಯನ್ನು ಗುಡಿಸಿ ಸಾರಿಸಿ ಕಾಯುವುದಷ್ಟೇ ನಮ್ಮ ಕೆಲಸ.

ಹಾಗೆ ಕಾಯುವುದರಲ್ಲಿ ನನ್ನ ಅಜ್ಜಿಗೆ ಒಂದು ಕ್ರಮವಿತ್ತು. ಅಳುವ ಕೂಸನ್ನು ಎದೆಗೊತ್ತಿ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಿಲ್ಲದೆ ನಡೆಯುತ್ತಿದ್ದರು. ಅದು ಕಣ್ಣು ಮುಚ್ಚಿದ ಕೂಡಲೇ ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಗೋಡೆಗೊರಗಿ ಕುಳಿತು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಮಡಿಲಲ್ಲಿಯೇ ಇಟ್ಟುಕೊಂಡು, ಆಮೇಲೆ ಮಲಗಿಸುತ್ತಿದ್ದರು. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದುವಾಗ ನನಗೆ ಈ ಎಲೆಯಡಿಕೆಯ ನೆನಪಾಯಿತು. ಅವರು ಶಿಶುಗಳ ಹೃದಯ ಬಡಿತವನ್ನು ಅಳೆಯುತ್ತ ಪರೀಕ್ಷಿಸಿದ್ದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದರೆ ಅದು ಶಾಂತವಾಗುತ್ತದೆ, ಅನೇಕ ಮಕ್ಕಳು ನಿದ್ದೆಯನ್ನೂ ಮಾಡುತ್ತವೆ. ಆದರೆ ತಕ್ಷಣ ಮಲಗಿಸಲು ಹೋದರೆ ಮೈಯಿಂದ ಮೈ ಬೇರ್ಪಡುವ ಕ್ಷಣದಲ್ಲಿಯೇ ಹಲವು ಎಚ್ಚರಗೊಳ್ಳುತ್ತವೆ. ಆದುದರಿಂದ ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿದ್ದು ಬಳಿಕ ಮಲಗಿಸಬೇಕೆಂಬುದು ಅವರ ಸಲಹೆ. ಅಜ್ಜಿಯ ಬಳಿ ಗಡಿಯಾರವಿರಲಿಲ್ಲ. ಲೆಕ್ಕ ಮಾತ್ರ ಹೆಚ್ಚುಕಡಿಮೆ ಅದೇ.

ಇನ್ನು ಜೋಗುಳದ ಮಾತು. ಕನ್ನಡದಲ್ಲಿ ಜೋಗುಳದ ಸಿರಿ ದೊಡ್ಡದು. ಪುರಂದರದಾಸರು ಕೃಷ್ಣನನ್ನು ತೊಟ್ಟಿಲಲ್ಲಿಟ್ಟು ತೂಗಿದರು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ತೆರೆದರೆ ಹೆಸರಿಲ್ಲದ ತಾಯಂದಿರ ತ್ರಿಪದಿಗಳಲ್ಲಿ ಕಂದಮ್ಮಗಳು ಎದ್ದು ಬರುತ್ತವೆ. ನಮ್ಮ ಕೊಡಗಿನ ಭಾಗ್ಯವೆಂದರೆ ಒಂದೇ ಊರಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ತಮಿಳುಗಳ ಜೋಗುಳ ಕೇಳಿಬರುವುದು. ಮಲಯಾಳದಲ್ಲಿ ಇರಯಿಮ್ಮನ್ ತಂಪಿಯವರು 1813ರಲ್ಲಿ ಹುಟ್ಟಿದ ತಿರುವಾಂಕೂರಿನ ರಾಜಕುಮಾರ ಸ್ವಾತಿ ತಿರುನಾಳರಿಗಾಗಿ ರಚಿಸಿದ ಜೋಗುಳ ಬಹು ಪ್ರಸಿದ್ಧ. ಮಗುವನ್ನು ಕಂಡು ಕವಿ ಇದೇನು, ಅದೇನು ಎಂದು ಬೆರಗಿನಿಂದ ಕೇಳುತ್ತ ಹೋಗುತ್ತಾರೆ. ಜೋಗುಳವಾದರೂ ಅದರಲ್ಲಿ ನಿದ್ದೆಯ ಮಾತೇ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಮಲಗು ಮಲಗು ಎಂದು ಒತ್ತಾಯಿಸದೆ ಮಲಗಿಸುವ ಜಾಣ್ಮೆ ಅದು.

ಯಾವ ಭಾಷೆಯ ಜೋಗುಳವಾದರೇನು ಎಂಬ ಪ್ರಶ್ನೆಗೂ ಉತ್ತರ ದೊರೆತಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಶಿಶುಗಳಿಗೆ ಅವು ಎಂದೂ ಕೇಳಿರದ ನಾಡುಗಳ ಹಾಡುಗಳನ್ನು ಕೇಳಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇತರ ಹಾಡುಗಳಿಗಿಂತ ಜೋಗುಳ ಕೇಳುವಾಗ ಶಿಶುಗಳ ಹೃದಯ ಬಡಿತ ಹೆಚ್ಚು ತಗ್ಗಿತು. ಭಾಷೆ ತಿಳಿಯದಿದ್ದರೂ ಲಯ ತಿಳಿಯಿತು. ‘ನನಗೆ ಹಾಡಲು ಬರುವುದಿಲ್ಲ ಟೀಚರ್’ ಎಂದು ಸಂಕೋಚಪಡುವ ಹುಡುಗರಿಗೆ ನಾನು ಹೇಳುವುದಿಷ್ಟೇ: ತೊಟ್ಟಿಲಿನಲ್ಲಿ ಸಂಗೀತ ವಿಮರ್ಶಕರು ಮಲಗಿರುವುದಿಲ್ಲ. ತರಗತಿಯಲ್ಲಿ ಹೇಳಿಸಿದ ಮಗ್ಗಿಯನ್ನಾದರೂ ನಿಧಾನವಾಗಿ, ತಗ್ಗಿದ ದನಿಯಲ್ಲಿ, ದಿನವೂ ಅದೇ ರಾಗದಲ್ಲಿ ಹೇಳಿ. ನನ್ನ ಶಿಷ್ಯನೊಬ್ಬ ಹದಿಮೂರರ ಮಗ್ಗಿಯಿಂದಲೇ ಮಗಳನ್ನು ಮಲಗಿಸಿದ. ಅವನಿಗೆ ಆ ಮಗ್ಗಿ ಬಾಯಿಪಾಠವಾದದ್ದು ಆಗಲೇ ಎಂಬುದು ಬೇರೆ ಮಾತು.

‘ದಿನವೂ ಅದೇ’ ಎಂಬುದೇ ಇಲ್ಲಿಯ ಗುಟ್ಟು. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ 405 ತಾಯಂದಿರ ಮೂರು ವಾರಗಳ ಅನುಭವವನ್ನು ಪ್ರಕಟಿಸಿದರು. ರಾತ್ರಿ ಸ್ನಾನ, ಮೈಗೆ ಮೃದುವಾದ ಮಾಲೀಸು, ಆಮೇಲೆ ಮುದ್ದು ಅಥವಾ ಲಾಲಿ, ಕೊನೆಗೆ ದೀಪವಾರಿಸುವುದು, ಹೀಗೆ ಒಂದೇ ಸರದಿಯನ್ನು ಪ್ರತಿದಿನ ಅನುಸರಿಸಿದ ಮನೆಗಳಲ್ಲಿ ಮಕ್ಕಳು ಬೇಗ ನಿದ್ದೆ ಹೋದರು, ರಾತ್ರಿ ಏಳುವುದು ಕಡಿಮೆಯಾಯಿತು. ಅಷ್ಟೇ ಮುಖ್ಯವಾಗಿ, ತಾಯಂದಿರ ಮನಸ್ಸೂ ಹಗುರಾಯಿತು. ಇದಕ್ಕೆ ದುಬಾರಿ ವಸ್ತು ಯಾವುದೂ ಬೇಡ. ಮಳೆಗಾಲದ ಕೊಡಗಿನಲ್ಲಿ ರಾತ್ರಿ ಸ್ನಾನ ಕಷ್ಟವಾದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೈಕಾಲು ಒರೆಸಿದರೂ ಸಾಕು. ಶಾಲೆಯ ಗಂಟೆ ಹೊಡೆದೊಡನೆ ಮಕ್ಕಳು ಹೇಳದೆಯೇ ಸಾಲಾಗಿ ನಿಲ್ಲುವಂತೆ, ಬಟ್ಟೆ ಬದಲಿಸಿ ದೀಪ ತಗ್ಗಿಸಿದೊಡನೆ ಮಗುವಿನ ಮೈ ತಾನಾಗಿ ನಿದ್ದೆಗೆ ಅಣಿಯಾಗುತ್ತದೆ. ಆರಂಭದ ಕೆಲವು ದಿನ ಏನೂ ಬದಲಾಗದಂತೆ ತೋರಬಹುದು. ಎರಡು ಮೂರು ವಾರ ತಾಳ್ಮೆಯಿಂದ ನಡೆಸಬೇಕು.

ಈ ಸರದಿ ಅಭ್ಯಾಸವಾದ ಮೇಲೆ, ನಾಲ್ಕೈದು ತಿಂಗಳು ಕಳೆದ ಮಗುವನ್ನು ಪೂರ್ತಿ ನಿದ್ದೆ ಹೋಗುವ ಮುನ್ನ, ಕಣ್ಣೆವೆ ಭಾರವಾದಾಗಲೇ ಹಾಸಿಗೆಗೆ ಹಾಕಿ ಪಕ್ಕದಲ್ಲಿ ಕುಳಿತು ತಟ್ಟಬಹುದು. ಕೆಲವು ದಿನಗಳ ನಂತರ ತಟ್ಟುವುದನ್ನು ಬಿಟ್ಟು ಕೈಯಿಟ್ಟುಕೊಂಡಿರುವುದು, ಇನ್ನೂ ಕೆಲವು ದಿನಗಳ ನಂತರ ಬರಿದೆ ಹತ್ತಿರ ಕುಳಿತಿರುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಮ್ಮ ಸಹಾಯವನ್ನು ಕಡಿಮೆ ಮಾಡುತ್ತ ಬರುವುದು. ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು ‘ಅ’ ಬರೆಸುವ ಗುರು ಒಂದು ದಿನ ಕೈ ಸಡಿಲಿಸುತ್ತಾನಲ್ಲ, ಹಾಗೆ. ಅತ್ತರೆ ಎತ್ತಿಕೊಳ್ಳಬಾರದೆಂಬ ನಿಯಮವೇನೂ ಇಲ್ಲ. ಎತ್ತಿ ಸಮಾಧಾನಪಡಿಸಿ ಮತ್ತೆ ಮಲಗಿಸಿದರಾಯಿತು.

ಪಾಶ್ಚಾತ್ಯರಲ್ಲಿ ಬೇರೊಂದು ಮಾರ್ಗವೂ ಉಂಟು. ಅಮೆರಿಕದ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿಯೇ, ಬರಿಯ ಅಭ್ಯಾಸಬಲದಿಂದ ಅಳುವ ಮಗುವನ್ನು ಅಳಲು ಬಿಡಬೇಕೆಂದು ಬರೆದಿದ್ದ. 1985ರಲ್ಲಿ ರಿಚರ್ಡ್ ಫರ್ಬರ್ ಅದನ್ನು ಕೊಂಚ ಮೃದುಗೊಳಿಸಿ, ಕೆಲವು ನಿಮಿಷಗಳ ಅಂತರದಲ್ಲಿ ಒಳಗೆ ಹೋಗಿ ಸಮಾಧಾನ ಹೇಳಿ ಬರುವ ವಿಧಾನವನ್ನು ಜನಪ್ರಿಯಗೊಳಿಸಿದರು. ಇದನ್ನು ಕ್ರೌರ್ಯವೆಂದು ಜರೆಯುವುದು ನ್ಯಾಯವಲ್ಲ. ಆಸ್ಟ್ರೇಲಿಯದಲ್ಲಿ ಇಂತಹ ವಿಧಾನ ಕಲಿತ ಕುಟುಂಬಗಳ ಮಕ್ಕಳನ್ನು ಆರು ವರ್ಷದ ವಯಸ್ಸಿನಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಕ್ಕಳಿಗೆ ಶಾಶ್ವತವಾದ ಹಾನಿಯೇನೂ ಕಾಣಲಿಲ್ಲ, ಶಾಶ್ವತವಾದ ಲಾಭವೂ ಕಾಣಲಿಲ್ಲ. ಆದರೆ ಆ ಮಾರ್ಗ ಹುಟ್ಟಿದ್ದು ಮಗುವಿಗೆ ಬೇರೆ ಕೋಣೆಯಿರುವ ಮನೆಗಳಲ್ಲಿ. ನಮ್ಮಲ್ಲಿ ತಾಯಿ, ಮಗು ಒಂದೇ ಕೋಣೆಯಲ್ಲಿರುವುದು ವಾಡಿಕೆ. ಮಿಂಡೆಲ್ ಅವರ ತಂಡ ಭಾರತವೂ ಸೇರಿದಂತೆ 17 ದೇಶ ಹಾಗೂ ಪ್ರದೇಶಗಳ 29,287 ಮಕ್ಕಳ ವಿವರ ಸಂಗ್ರಹಿಸಿ 2010ರಲ್ಲಿ ಪ್ರಕಟಿಸಿದಾಗಲೂ ಏಷ್ಯಾದ ಮಕ್ಕಳು ಹೆತ್ತವರ ಬಳಿಯೇ ಮಲಗುವುದು ಹೆಚ್ಚೆಂದು ಕಂಡುಬಂತು. ಅದೇ ಕೋಣೆಯಲ್ಲಿ ಕುಳಿತು ಅಳುವನ್ನು ಕೇಳುತ್ತ ಸುಮ್ಮನಿರು ಎಂದು ಒಬ್ಬ ತಾಯಿಗೆ ಹೇಳಲು ನನಗೆ ಬಾಯಿ ಬಾರದು. ನಮ್ಮ ಮನೆಗಳಿಗೆ ಮೆಟ್ಟಿಲಿನ ಮಾರ್ಗವೇ ಹೊಂದುತ್ತದೆ.

ಏಷ್ಯಾದ ಮಕ್ಕಳು ತಡವಾಗಿ ಮಲಗುತ್ತವೆ, ಒಟ್ಟು ನಿದ್ದೆಯೂ ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿದೆ. ನೆಂಟರು ಬಂದರೆಂದು ಹನ್ನೊಂದರವರೆಗೆ ಮಗುವನ್ನು ಕೈಯಿಂದ ಕೈಗೆ ದಾಟಿಸಿ ಆಡಿಸುವ ನಾವೆಲ್ಲ ಇದನ್ನು ಗಮನಿಸಬೇಕು. ದಣಿವು ಮೀರಿದ ಮಗು ಸುಲಭವಾಗಿ ಮಲಗುವುದಿಲ್ಲ, ಇನ್ನಷ್ಟು ಕೆರಳುತ್ತದೆ. ಆಕಳಿಸುವುದು, ಕಣ್ಣುಜ್ಜುವುದು, ಕಿವಿ ಹಿಡಿದೆಳೆದುಕೊಳ್ಳುವುದು, ಮುಖ ಆಚೆ ತಿರುಗಿಸುವುದು, ಇವೆಲ್ಲ ಅದರ ಅರ್ಜಿಗಳು. ಅಳು ಕೊನೆಯ ಅರ್ಜಿ. ಮೊದಲಿನವನ್ನೇ ಓದಿಕೊಂಡರೆ ಕೊನೆಯದು ಬರುವುದಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೆಲವನ್ನು ಬಿಡಲೇಬೇಕು, ಅದರಲ್ಲಿ ದಾಕ್ಷಿಣ್ಯ ಸಲ್ಲದು. ಶಿಶುವನ್ನು ಯಾವಾಗಲೂ ಅಂಗಾತ ಮಲಗಿಸಬೇಕು, ಕವುಚಿ ಅಲ್ಲ. ಅಮೆರಿಕದಲ್ಲಿ 1994ರಿಂದ ಇದನ್ನು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲಿಯೇ ಸಂಭವಿಸುತ್ತಿದ್ದ ಶಿಶುಮರಣ ಬಹಳ ಇಳಿಯಿತು. ತಲೆ ಗುಂಡಗಾಗಲೆಂದು ಇಡುವ ಸಾಸಿವೆಯ ದಿಂಬು, ಮೆತ್ತನೆಯ ಹಾಸಿಗೆ, ಮುಖದವರೆಗೆ ಹೊದೆಸುವ ಕಂಬಳಿ ಒಂದು ವರ್ಷದವರೆಗೆ ಬೇಡ. ಸಮತಟ್ಟಾದ ಗಟ್ಟಿ ಹಾಸಿಗೆ, ಬೆಚ್ಚನೆಯ ಉಡುಪು ಸಾಕು. ಮಗುವಿಗೆ ತಾಯಿಯ ಕೋಣೆಯಲ್ಲಿಯೇ ಪ್ರತ್ಯೇಕ ಹಾಸಿಗೆಯಿರುವುದು ಕ್ಷೇಮವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2022ರ ಸಲಹೆಯಲ್ಲಿ ಮತ್ತೊಮ್ಮೆ ಹೇಳಿತು. ಕುಡಿದವರೂ ಧೂಮಪಾನಿಗಳೂ ಅಮಲಿನ ಔಷಧ ಸೇವಿಸಿದವರೂ ಮಗುವಿನ ಪಕ್ಕ ಮಲಗಲೇಬಾರದು. ಸೀರೆಯ ಜೋಲಿ ಅಳು ನಿಲ್ಲಿಸಲು ಒಳ್ಳೆಯದೇ. ಆದರೆ ಅದರಲ್ಲಿ ಎಳೆಗೂಸಿನ ಗಲ್ಲ ಎದೆಗೆ ಒತ್ತಿ ಉಸಿರು ಕಟ್ಟಬಹುದು. ಆದ್ದರಿಂದ ಕಣ್ಣಳತೆಯಲ್ಲಿಯೇ ತೂಗಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಿನ ಹಾಸಿಗೆಗೆ ಬದಲಿಸಬೇಕು.

ನಮ್ಮ ಕಡೆಯವರಿಗೆ ವಿಶೇಷವಾಗಿ ಒಂದು ಮಾತು. ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗದೆ, ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಒಣಗಿಸುವುದನ್ನು ಎಲ್ಲರೂ ಬಲ್ಲೆವು. ಬಟ್ಟೆಗೆ ಅದು ಸರಿ. ಚಳಿಯೆಂದು ಆ ಕೆಂಡದ ಪಾತ್ರೆಯನ್ನು ಬಾಣಂತಿಯ ಕೋಣೆಯಲ್ಲಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗುವುದು ಪ್ರಾಣಾಪಾಯ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಂಬ್ರಾಣಿಯ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಜೇನಿನ ನಾಡಿನವರಾದ ನಾವು ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದೆಂಬುದನ್ನೂ ನೆನಪಿಡಬೇಕು. ಅದರಿಂದ ನರಗಳನ್ನು ಶಕ್ತಿಗುಂದಿಸುವ ಬಾಟುಲಿಸಂ ಎಂಬ ಕಾಯಿಲೆ ಬರುವ ಸಂಭವವುಂಟು. ಶೀತಕ್ಕೆಂದು, ನಿದ್ದೆಗೆಂದು ತುಟಿಗೆ ಬ್ರಾಂದಿ ಸವರುವುದಂತೂ ಕೂಡದು. ಬೊಂಬಾಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ನೂರು ವರ್ಷಗಳ ಹಿಂದೆ ಕೂಸಿಗೆ ಅಫೀಮು ತಿನ್ನಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದುದು ಅಂದಿನ ಸರಕಾರಿ ವರದಿಗಳಲ್ಲಿ ದಾಖಲಾಗಿದೆ. ಆ ತಾಯಂದಿರನ್ನು ದೂರುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅವರಿಗೆ ಬೇರೆ ಯಾವ ಕೈ ಆಸರೆಯಿತ್ತು?

ಮಗು ನಡೆದಾಡಲು ಕಲಿತ ಮೇಲೆ ತೊಡಕುಗಳು ಬೇರೆ. ಹಸಿವಿನ ಬದಲು ಈಗ ಅಗಲಿಕೆಯ ಭಯ, ಕತ್ತಲೆಯ ಭಯ, ಆಟ ಬಿಟ್ಟು ಬರಲಾರದ ಹಠ. ‘ಗುಮ್ಮ ಬರುತ್ತಾನೆ, ಕಣ್ಣು ಮುಚ್ಚು’ ಎನ್ನುವ ಪದ್ಧತಿ ನಮ್ಮಲ್ಲಿ ಹಳೆಯದು. ಹೆದರಿದ ಮಗು ಕಣ್ಣು ಮುಚ್ಚುತ್ತದೆ, ನಿಜ. ನಿದ್ದೆ ಮಾತ್ರ ದೂರ ಓಡುತ್ತದೆ. ಒಂದನೆಯ ತರಗತಿಗೆ ಬರುತ್ತಿದ್ದ ಮಕ್ಕಳಲ್ಲಿ ಕತ್ತಲ ಶೌಚಾಲಯಕ್ಕೆ ಒಬ್ಬರೇ ಹೋಗಲು ಅಂಜುತ್ತಿದ್ದವರನ್ನು ವಿಚಾರಿಸಿದರೆ ಮನೆಯ ಗುಮ್ಮ ಪತ್ತೆಯಾಗುತ್ತಿದ್ದ. ಅದರ ಬದಲು ಮಗುವಿಗೆ ಚಿಕ್ಕಪುಟ್ಟ ಆಯ್ಕೆ ಕೊಡಿ. ಕೆಂಪು ಅಂಗಿಯೋ ಹಸಿರು ಅಂಗಿಯೋ, ಮೊಲದ ಕಥೆಯೋ ಆನೆಯ ಕಥೆಯೋ. ಮಲಗುವ ವಿಷಯದಲ್ಲಿ ಮಾತ್ರ ಆಯ್ಕೆಯಿಲ್ಲ. ಕಥೆ ಎರಡೇ ಎಂದರೆ ಎರಡೇ. ಮೊಬೈಲು, ಟಿ.ವಿ.ಗಳನ್ನು ಮಲಗುವ ಒಂದು ಗಂಟೆ ಮೊದಲೇ ಬದಿಗಿಡುವುದು ಒಳ್ಳೆಯದು. ಎರಡು ವರ್ಷಕ್ಕೆ ಮುನ್ನ ಕುಳಿತು ಪರದೆ ನೋಡುವುದೇ ಬೇಡವೆಂಬುದು, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂಬುದು 2019ರ ಆ ಮಾರ್ಗಸೂಚಿಯ ಸಲಹೆ.

ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ತಡೆತಡೆದು ಬರುತ್ತಿದ್ದರೆ, ತೂಕ ಏರದಿದ್ದರೆ, ಅಳು ಎಂದಿನಂತಿಲ್ಲದಿದ್ದರೆ ಜೋಗುಳವನ್ನು ನೆಚ್ಚಿ ಕೂರದೆ ವೈದ್ಯರ ಬಳಿಗೆ ಹೋಗಬೇಕು. ಹಸುಗೂಸಿಗೆ ಜ್ವರ ಬಂದರೆ ಬೆಳಗಿನವರೆಗೂ ಕಾಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಮೃದುವಾದ ಮಾರ್ಗಕ್ಕೆ ದುಡ್ಡು ಬೇಡ, ಆದರೆ ಸಮಯ ಬೇಕು. ಐದು ನಿಮಿಷ ನಡೆಯಲು, ಎಂಟು ನಿಮಿಷ ಕೂರಲು, ವಾರಗಟ್ಟಲೆ ಪಕ್ಕದಲ್ಲಿರಲು ಯಾರಾದರೂ ಇರಬೇಕು. ಆ ‘ಯಾರಾದರೂ’ ಯಾರು?

ತುಂಬು ಮನೆಗಳಲ್ಲಿ ರಾತ್ರಿ ಹಂಚಿಹೋಗುತ್ತಿತ್ತು. ಅಜ್ಜಿಗೆ ಹೇಗೂ ನಸುಕಿನ ನಿದ್ದೆ ಕಡಿಮೆ, ಆ ಜಾವ ಅವರದು. ಚಿಕ್ಕಮ್ಮನದು ಮೊದಲ ಜಾವ. ಬಾಣಂತನದ ನಲವತ್ತು ದಿನ ತಾಯಿ ಹಗಲಿನಲ್ಲಿಯೂ ಮಲಗಬಹುದಿತ್ತು. ಹಾಲೂಡುವುದಷ್ಟೇ ಅವಳ ಕೆಲಸ. ಆದರೆ ಇದನ್ನು ಹಾಡಿ ಹೊಗಳುವಾಗ ನಾನು ನನ್ನ ಹಾಜರಿ ಪುಸ್ತಕವನ್ನೂ ನೆನೆಯುತ್ತೇನೆ. ಸುಂಟಿಕೊಪ್ಪದ ಆಸುಪಾಸಿನ ತೋಟಗಳ ನಡುವೆ ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಕಾಫಿ ಕೊಯ್ಲು ಬಂತೆಂದರೆ ಮೂರನೆಯ, ನಾಲ್ಕನೆಯ ತರಗತಿಯ ಹುಡುಗಿಯರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತಿತ್ತು. ಹುಡುಕಿಕೊಂಡು ಹೋದರೆ ನೆರಳು ಮರದ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ಕೂಸು. ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಎಂಟು ವರ್ಷದ ಅಕ್ಕ. ‘ಪಾಪು ಮಲಗಿದ ಮೇಲೆ ಬರುತ್ತೇನೆ ಟೀಚರ್’ ಎನ್ನುತ್ತಿದ್ದಳು. ಪಾಪು ಮಲಗುವಾಗ ಶಾಲೆಯ ಕೊನೆಯ ಗಂಟೆ ಹೊಡೆದಿರುತ್ತಿತ್ತು. ದೊಡ್ಡ ತೋಟಗಳಲ್ಲಿ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ವಿಧಿಸಿತ್ತು. ಸಣ್ಣ ತೋಟಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಆ ಹುಡುಗಿಯರಲ್ಲಿ ಕೆಲವರು ಐದನೆಯ ತರಗತಿ ಮುಟ್ಟಲಿಲ್ಲ. ಒಂದು ಕೂಸಿನ ನಿದ್ದೆಗೆ ಇನ್ನೊಂದು ಮಗುವಿನ ಅಕ್ಷರ ತೆರವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಜ್ಯ ಸರಕಾರವು 2023ರಲ್ಲಿ, ದುಡಿಯುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಪ್ರಕಟಿಸಿದಾಗ ನನಗೆ ಮೊದಲು ನೆನಪಾದದ್ದು ಆ ಜೋಲಿಯ ಹಗ್ಗ.

ಇಂದು ಪಟ್ಟಣದ ಮನೆಗಳಲ್ಲಿ ಹಗ್ಗ ತಾಯಿಯೊಬ್ಬಳ ಕೈಗೆ ಬಂದಿದೆ. ಹಗಲು ಕಚೇರಿ, ರಾತ್ರಿ ತೊಟ್ಟಿಲು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಯ ಕಣ್ಣು ತುಂಬಿಬರುವುದು ಸಹಜ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ತಾನು ಕೆಟ್ಟ ತಾಯಿಯೆಂದು ಹೇಳತೊಡಗಿದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ, ಸೋಮಾರಿತನವಲ್ಲ. ಹೆರಿಗೆ ಮಾಡಿಸಿದ ವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದು. ‘ನಾವೆಲ್ಲ ಹೆತ್ತಿಲ್ಲವೇ?’ ಎಂಬ ಮಾತನ್ನು ಮಾತ್ರ ಹಿರಿಯರಾದ ನಾವು ಇನ್ನು ಮುಂದೆ ಆಡಬಾರದು. ನಾವು ಹೆತ್ತಾಗ ನಮ್ಮ ಸುತ್ತ ಹತ್ತು ಕೈಗಳಿದ್ದವು.

ಆದ್ದರಿಂದ ನನ್ನ ಗಂಡು ಶಿಷ್ಯರಿಗೆ ಒಂದು ಮನೆಕೆಲಸ ಕೊಡುತ್ತಿದ್ದೇನೆ. ರಾತ್ರಿಯ ಒಂದು ಜಾವ ನಿಮ್ಮದಾಗಲಿ. ಹಾಲುಣಿಸುವುದೊಂದನ್ನು ಬಿಟ್ಟರೆ ನಡೆಯುವುದು, ತಟ್ಟುವುದು, ಬಟ್ಟೆ ಬದಲಿಸುವುದು, ಹಾಡುವುದು ಎಲ್ಲವೂ ಗಂಡಸಿನಿಂದ ಆಗುವ ಕೆಲಸಗಳೇ. ನನ್ನ ವಯಸ್ಸಿನ ಬಂಧುಗಳಿಗೂ ಒಂದು ಕೋರಿಕೆಯಿದೆ. ಮೊಮ್ಮಗುವನ್ನು ನೋಡಲು ಹೋಗುವಾಗ ಬೆಳ್ಳಿಯ ಬಟ್ಟಲು ಒಯ್ಯುತ್ತೀರಿ, ಸಂತೋಷ. ಜೊತೆಗೆ ಒಂದು ವಾರದ ಮಟ್ಟಿಗೆ ನಿಮ್ಮ ನಸುಕಿನ ಎಚ್ಚರವನ್ನೂ ಒಯ್ಯಿರಿ. ಹೇಗೂ ನಾಲ್ಕು ಗಂಟೆಗೆ ಎದ್ದು ನಾವು ಮಾಡುವುದಾದರೂ ಏನು? ಆ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಂಡು ಹೊರಬಂದು ಬಾಗಿಲು ಮುಂದೆ ಮಾಡಿದರೆ, ಒಳಗೆ ಸೊಸೆಯೋ ಮಗಳೋ ಎರಡು ಗಂಟೆ ಮೈಮರೆತು ಮಲಗುತ್ತಾಳೆ. ಬೆಳಿಗ್ಗೆ ಅವಳು ‘ಅತ್ತೆ, ನನ್ನನ್ನು ಎಬ್ಬಿಸಲೇ ಇಲ್ಲವಲ್ಲ’ ಎನ್ನುತ್ತ ಹೊರಬರುವಾಗ ಅವಳ ಮುಖ ನೋಡಿ. ಬೆಳ್ಳಿಯ ಬಟ್ಟಲಿಗೆ ಆ ಕಳೆ ಇರುವುದಿಲ್ಲ.